ಒನೊಮಿಚಿ: ಮೇಲಿನಿಂದ ಕೆಳಗೆ ನೋಡಬೇಕಾದ ಕಡಲೂರು

ಹಿರೋಶಿಮಾ ಪ್ರಾಂತ್ಯದ ಪೂರ್ವಭಾಗದಲ್ಲಿ, ಸೆಟೊ ಒಳಸಮುದ್ರದ ದಡಕ್ಕೆ ಅಂಟಿಕೊಂಡ ಸಣ್ಣ ನಗರ ಒನೊಮಿಚಿ. ಬೆನ್ನಿಗೆ ಗುಡ್ಡ, ಎದುರಿಗೆ ಮುಕೈಶಿಮಾ ದ್ವೀಪ. ನಡುವಿನ ಕಡಲು ಎಷ್ಟು ಕಿರಿದೆಂದರೆ ಮೊದಲ ಸಲ ಕಂಡವರು ಅದನ್ನು ನದಿ ಎಂದೇ ತಿಳಿಯುತ್ತಾರೆ. 1169ರಲ್ಲಿ ಅಕ್ಕಿ ಸಾಗಿಸುವ ಬಂದರಾಗಿ ಊರು ಬೆಳೆಯತೊಡಗಿತು. ಹಡಗಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ವರ್ತಕರು ಗುಡ್ಡದ ಇಳಿಜಾರಿನಲ್ಲಿ ಒಂದರ ಪಕ್ಕ ಒಂದರಂತೆ ನಿಂತ ಬೌದ್ಧ ದೇವಾಲಯಗಳಿಗೆ ದಾನ ಕೊಟ್ಟರು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಿಂದ ಊರು ಬಹುಮಟ್ಟಿಗೆ ಪಾರಾಯಿತು. ಹಳೆಯ ಓಣಿಗಳು ಹಾಗೆಯೇ ಉಳಿದದ್ದಕ್ಕೆ ಅದೂ ಒಂದು ಕಾರಣ.

ಹಿರೋಶಿಮಾ ನೋಡಿ ಬರುವ ದಾರಿಯಲ್ಲಿ ಮೂರು ತಾಸು ಇಲ್ಲಿ ಇಳಿದು ಹೋಗುವವರೇ ಹೆಚ್ಚು. ಅಷ್ಟರಲ್ಲಿ ಸಿಗುವುದು ಮೆಟ್ಟಿಲು ಹತ್ತಿದ ಆಯಾಸ ಮಾತ್ರ. ಎರಡು ರಾತ್ರಿ ಇಟ್ಟುಕೊಂಡರೆ ಒಂದು ದಿನ ಗುಡ್ಡಕ್ಕೆ, ಇನ್ನೊಂದು ದಿನ ದ್ವೀಪಗಳಿಗೆ ಸಲ್ಲುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ಮೊದಲು ಮಾಡಿಕೊಳ್ಳಬೇಕಾದ ಕೆಲಸ ವೀಸಾ. ಅರ್ಜಿಯ ಜತೆ ದಿನವಾರು ಪ್ರವಾಸ ಪಟ್ಟಿ, ಬ್ಯಾಂಕ್ ವಿವರ ಮತ್ತು ಆದಾಯ ತೆರಿಗೆ ದಾಖಲೆ ಕೇಳುತ್ತಾರೆ. ಹಾಗಾಗಿ ತಂಗುವ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಕಾಲದ ಆಯ್ಕೆಯೂ ಮುಖ್ಯ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಗುಡ್ಡದ ಮೇಲಿನ ಸೆಂಕೊಜಿ ಉದ್ಯಾನದಲ್ಲಿ ಚೆರ್ರಿ ಹೂವು, ಅದರ ಜತೆ ಜನಜಂಗುಳಿ. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಮಳೆ, ಆಗಸ್ಟಿನಲ್ಲಿ ಮೆಟ್ಟಿಲು ಹತ್ತಲಾಗದ ಸೆಕೆ. ಅಕ್ಟೋಬರ್ ಮತ್ತು ನವೆಂಬರ್ ಎಲ್ಲಕ್ಕಿಂತ ಹಿತ.

ರೈಲಿನ ವಿಷಯದಲ್ಲಿ ಹೊಸಬರು ಎಡವುವುದು ಶಿನ್-ಒನೊಮಿಚಿ ಎಂಬ ಹೆಸರಿನಿಂದ. ಅದು ಶಿಂಕಾನ್ಸೆನ್ ಬುಲೆಟ್ ರೈಲಿನ ನಿಲ್ದಾಣ ನಿಜ, ಆದರೆ ಅಲ್ಲಿ ನಿಲ್ಲುವುದು ನಿಧಾನದ ಕೊಡಾಮಾ ರೈಲು ಮಾತ್ರ. ಊರೊಳಗೆ ಬರಲು ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು. ಟೋಕಿಯೊ ಅಥವಾ ಒಸಾಕಾದಿಂದ ವೇಗದ ನೊಜೊಮಿಯಲ್ಲಿ ಫುಕುಯಾಮಾಕ್ಕೆ ಬಂದು, ಸಾನ್ಯೊ ಮಾರ್ಗದ ಲೋಕಲ್ ರೈಲಿಗೆ ಬದಲಾಯಿಸುವುದು ಸುಲಭ. ಟೋಕಿಯೊದಿಂದ ಫುಕುಯಾಮಾಕ್ಕೆ ಸುಮಾರು ಮೂರೂವರೆ ಗಂಟೆ, ಶಿನ್-ಒಸಾಕಾದಿಂದ ಒಂದು ಗಂಟೆ. ಅಲ್ಲಿಂದ ಒನೊಮಿಚಿಗೆ ಇಪ್ಪತ್ತು ನಿಮಿಷ. ಏಳು ದಿನದ ಜಪಾನ್ ರೈಲ್ ಪಾಸ್ 2023ರ ಅಕ್ಟೋಬರಿನಲ್ಲಿ 50,000 ಯೆನ್‌ಗೆ ಏರಿದ ಮೇಲೆ, ಇಷ್ಟೇ ಪ್ರಯಾಣಕ್ಕೆ ಪಾಸ್ ಕೊಳ್ಳುವುದು ದಂಡ. ಬಿಡಿ ಟಿಕೆಟ್ ಸಾಕು.

ತಂಗಲು ಎರಡು ಬಗೆಯ ಜಾಗಗಳಿವೆ. ಗುಡ್ಡದ ಮೇಲಿನ ಹಳೆಯ ಮರದ ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದಿದ್ದವು. ಅವುಗಳಲ್ಲಿ ಕೆಲವನ್ನು ಸ್ಥಳೀಯರೇ ದುರಸ್ತಿ ಮಾಡಿ ಅತಿಥಿಗೃಹ, ಕೆಫೆಗಳಾಗಿ ಮಾಡಿದ್ದಾರೆ. ಬೆಳಗಿನ ನೋಟ ಅಲ್ಲಿಂದಲೇ ಚೆನ್ನ. ಆದರೆ ಆ ಓಣಿಗಳಿಗೆ ವಾಹನ ಹೋಗದು, ಗ್ಯಾಸ್ ಸಿಲಿಂಡರಿನಿಂದ ಹಿಡಿದು ಎಲ್ಲವೂ ಹೊತ್ತೇ ಏರಬೇಕು, ಪ್ರವಾಸಿಯ ಪೆಟ್ಟಿಗೆಯೂ ಅಷ್ಟೆ. ದೊಡ್ಡ ಲಗೇಜ್ ಇರುವವರಿಗೆ, ಮಂಡಿನೋವಿನವರಿಗೆ ದಡದ ಹೋಟೆಲುಗಳೇ ಸರಿ. ಹಳೆಯ ಬಂದರು ಗೋದಾಮನ್ನು ಮಾರ್ಪಡಿಸಿ 2014ರಲ್ಲಿ ತೆರೆದ ‘ಒನೊಮಿಚಿ ಯು2’ನಲ್ಲಿ ಸೈಕಲ್ಲನ್ನು ಕೋಣೆಯವರೆಗೂ ತಳ್ಳಿಕೊಂಡು ಹೋಗಬಹುದು.

ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ನೋಡಬೇಕು. ಒನೊಮಿಚಿ ನಿಲ್ದಾಣದಿಂದ ಚಾವಣಿ ಹೊದಿಸಿದ ಅಂಗಡಿ ಬೀದಿಯಲ್ಲಿ ಕಾಲು ಗಂಟೆ ಪೂರ್ವಕ್ಕೆ ನಡೆದರೆ ರೋಪ್‌ವೇ ಸಿಗುತ್ತದೆ. ಪಕ್ಕದಲ್ಲೇ ಉಶಿತೋರಾ ಎಂಬ ಶಿಂತೊ ಗುಡಿ, ಅದರ ಅಂಗಳದಲ್ಲಿ ನೂರಾರು ವರ್ಷದ ಕರ್ಪೂರದ ಮರಗಳು. ತೊಟ್ಟಿಲು ಆ ಮರಗಳ ನೆತ್ತಿಯನ್ನು ದಾಟಿ ಮೂರೇ ನಿಮಿಷದಲ್ಲಿ ತುದಿ ಮುಟ್ಟುತ್ತದೆ. ಹೋಗುವ ಟಿಕೆಟ್ ಮಾತ್ರ ಕೊಂಡರೆ ಸಾಕು. ಮೇಲಿನ ವೀಕ್ಷಣಾ ಕಟ್ಟೆಯಿಂದ ಇಳಿಯುವ ‘ಸಾಹಿತ್ಯದ ಕಿರುದಾರಿ’ಯ ಬಂಡೆಗಳ ಮೇಲೆ ಈ ಊರಿನ ನಂಟಿದ್ದ ಬರಹಗಾರರ ಸಾಲುಗಳನ್ನು ಕೆತ್ತಿದ್ದಾರೆ. ಇಲ್ಲಿ ಬೆಳೆದ ಹಯಾಶಿ ಫುಮಿಕೊ, 1912ರಲ್ಲಿ ಇಲ್ಲಿಗೆ ಬಂದು ನೆಲೆಸಿದ್ದ ಶಿಗಾ ನಾವೊಯಾ ಅವರಲ್ಲಿ ಇಬ್ಬರು. ಜಪಾನಿ ಓದಲು ಬಾರದಿದ್ದರೂ ಬಂಡೆಗಳ ನಡುವೆ ನುಸುಳಿ ಇಳಿಯುವ ಈ ದಾರಿಯನ್ನು ಬಿಡಬಾರದು.

ಆ ಕಿರುದಾರಿ ಮುಗಿಯುವುದು ಸೆಂಕೊಜಿಯಲ್ಲಿ. ಕ್ರಿ.ಶ. 806ರಲ್ಲಿ ಸ್ಥಾಪನೆಯಾಯಿತು ಎನ್ನಲಾಗುವ ಈ ದೇವಾಲಯದ ಕೆಂಪು ಮಂಟಪ ಬಂಡೆಯಂಚಿನಲ್ಲಿ ಕಂಬಗಳ ಮೇಲೆ ನಿಂತಿದೆ. ಜಗಲಿಯಿಂದ ಕೆಳಗೆ ಹೆಂಚಿನ ಮಾಡುಗಳು, ರೈಲು ಹಳಿ, ಕಿರಿದಾದ ಕಡಲು, ಆಚೆ ಹಡಗು ಕಟ್ಟುವ ಕ್ರೇನುಗಳು ಒಂದೇ ನೋಟಕ್ಕೆ ಸಿಗುತ್ತವೆ. ಮುಂದೆ ಬೆಕ್ಕುಗಳ ಓಣಿ. ಗೋಡೆ, ಪೊದೆಗಳ ಸಂದಿಯಲ್ಲಿ ಬೆಕ್ಕಿನ ಮುಖ ಬರೆದ ಉರುಟು ಕಲ್ಲುಗಳಿವೆ, ಜೀವಂತ ಬೆಕ್ಕುಗಳು ತಮಗೆ ಮನಸ್ಸಾದರೆ ದರ್ಶನ ಕೊಡುತ್ತವೆ. ಜನ ವಾಸಿಸುವ ಮನೆಗಳ ಬಾಗಿಲಲ್ಲೇ ಓಣಿ ಹಾಯುವುದರಿಂದ ದನಿ ತಗ್ಗಿಸಿ ನಡೆಯಬೇಕು. ಇನ್ನೂ ಕೆಳಗೆ ತೆನ್ನೆಇಜಿಯ ಮೂರಂತಸ್ತಿನ ಗೋಪುರ. ಮೊದಲು ಅದಕ್ಕೆ ಐದು ಅಂತಸ್ತಿದ್ದು, ಮೇಲಿನ ಎರಡು ಕೆಟ್ಟ ಮೇಲೆ ಮೂರಕ್ಕೆ ಇಳಿಸಿದರು. ಸಮಯವಿದ್ದರೆ ಪೂರ್ವದ ತುದಿಯ ಜೊದೊಜಿಗೂ ಹೋಗಬೇಕು. ಒಜು ಯಸುಜಿರೊ ಅವರ 1953ರ ಚಿತ್ರ ‘ಟೋಕಿಯೊ ಸ್ಟೋರಿ’ಯಲ್ಲಿ ಕಾಣುವ ದೇವಾಲಯ ಅದೇ. ರೈಲು ಹಳಿಯ ಕೆಳಗೆ ನುಸುಳಿ ಅದರ ಮೆಟ್ಟಿಲು ಏರಬೇಕು.

ಊಟ ಶಾಕಾಹಾರಿಗಳಿಗೆ ನಿಜಕ್ಕೂ ಕಷ್ಟ. ಊರಿನ ಹೆಮ್ಮೆಯ ಒನೊಮಿಚಿ ರಾಮೆನ್ ನೂಡಲ್ಸ್‌ನ ಸೋಯಾ ಸಾರಿನಲ್ಲಿ ಹಂದಿ ಕೊಬ್ಬಿನ ತುಣುಕುಗಳು ತೇಲುತ್ತವೆ. ಮಾಂಸ ಬೇಡ ಎಂದರೂ ಒಣಮೀನಿನ ದಾಶಿ ಸಾರು ಬಹುತೇಕ ಎಲ್ಲ ಅಡುಗೆಯಲ್ಲೂ ಸೇರುತ್ತದೆ. ‘ಮಾಂಸ, ಮೀನು, ದಾಶಿ ಬೇಡ’ ಎಂದು ಜಪಾನಿಯಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ. ಅವಲಕ್ಕಿ, ಚಟ್ನಿಪುಡಿ, ಸಿದ್ಧ ಉಪ್ಪಿಟ್ಟಿನ ಪೊಟ್ಟಣ ಒಯ್ದರೆ ಬೆಳಗು ಕಳೆಯುತ್ತದೆ. ಸಣ್ಣ ಅಂಗಡಿಗಳು ಸಂಜೆಗೇ ಬಾಗಿಲು ಹಾಕುತ್ತವೆ, ಕೆಲವು ನಗದು ಮಾತ್ರ ಪಡೆಯುತ್ತವೆ. ಸೆವೆನ್-ಇಲೆವೆನ್ ಎಟಿಎಂಗಳಲ್ಲಿ ವಿದೇಶಿ ಕಾರ್ಡಿಗೆ ಯೆನ್ ಸಿಗುತ್ತದೆ.

ಎರಡನೆಯ ದಿನ ಸೈಕಲ್ಲಿಗೆ ಮೀಸಲು. ಇಲ್ಲಿಂದ ಶಿಕೊಕು ದ್ವೀಪದ ಇಮಾಬಾರಿಯವರೆಗೆ ಆರು ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿದ ಶಿಮಾನಾಮಿ ಕೈದೊ ದಾರಿ 1999ರಲ್ಲಿ ಪೂರ್ಣ ಸಂಪರ್ಕ ಪಡೆಯಿತು. ಸೈಕಲ್ ದಾರಿ ಸುಮಾರು 70 ಕಿ.ಮೀ. ರಸ್ತೆಯಂಚಿನ ನೀಲಿ ಗೆರೆಯನ್ನು ಹಿಡಿದು ಹೋದರೆ ನಕ್ಷೆಯೇ ಬೇಕಾಗದು. ಬಾಡಿಗೆ ಸೈಕಲ್ ಬಂದರಿನ ಬಳಿಯೇ ಸಿಗುತ್ತದೆ, ಮುಂದಿನ ಕೇಂದ್ರದಲ್ಲಿ ಒಪ್ಪಿಸಿಯೂ ಬರಬಹುದು. ಎಲೆಕ್ಟ್ರಿಕ್ ಸೈಕಲ್ಲಾದರೆ ನಿಯಮವನ್ನು ಮೊದಲೇ ಕೇಳಿಕೊಳ್ಳಬೇಕು. ಮುಕೈಶಿಮಾಕ್ಕೆ ಹೋಗುವ ಸೇತುವೆ ಇಕ್ಕಟ್ಟು, ಆದ್ದರಿಂದ ಸೈಕಲ್ ಸವಾರರು ಸ್ಥಳೀಯರಂತೆ ಐದು ನಿಮಿಷದ ಫೆರ್ರಿಯನ್ನೇ ಹಿಡಿಯುತ್ತಾರೆ. ಅಲ್ಲಿಂದ ಮುಂದಿನ ದ್ವೀಪಕ್ಕೆ ಹೋಗುವ ಇನ್ನೊಶಿಮಾ ಸೇತುವೆಯಲ್ಲಿ ಸೈಕಲ್ ಹಾದಿ ಕಾರುಗಳ ರಸ್ತೆಯ ಕೆಳಗಡೆ ಇದೆ.

ರೂಢಿ ಇಲ್ಲದವರು ಇಡೀ 70 ಕಿ.ಮೀ. ಹಟಕ್ಕೆ ಬೀಳಬಾರದು. ಸುಮಾರು 30 ಕಿ.ಮೀ. ದೂರದ ಸೆಟೊಡಾ ಒಳ್ಳೆಯ ಗುರಿ. ನಿಂಬೆ ತೋಟಗಳಿಗೆ ಹೆಸರಾದ ಆ ಊರಿನಿಂದ ಮುಕ್ಕಾಲು ಗಂಟೆಯ ದೋಣಿಯಲ್ಲಿ ಸೈಕಲ್ ಸಮೇತ ವಾಪಸಾಗಬಹುದು. ಕೊನೆಯ ದೋಣಿಯ ಹೊತ್ತನ್ನು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಬೇಕು. ಇಮಾಬಾರಿವರೆಗೂ ತುಳಿಯುವವರು ಪೆಟ್ಟಿಗೆಯನ್ನು ಲಗೇಜ್ ಸೇವೆಯಲ್ಲಿ ಮುಂದೆ ಕಳಿಸಿ, ಅಲ್ಲಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಮಾತ್ಸುಯಾಮಾ ಸೇರಿದರೆ, ದೊಗೊದ ಬಿಸಿನೀರಿನ ಸ್ನಾನಗೃಹ ಟ್ರಾಮಿನ ದೂರದಲ್ಲಿದೆ.