ಒಂದು ಸುತ್ತು ಬಂದೆವು



ಬೆಂಗಳೂರಿಗೆ ಸಮುದ್ರ ಇಲ್ಲ. ಇದು ಎಲ್ಲರಿಗೂ ಗೊತ್ತು. ಸಮುದ್ರ ನೋಡಬೇಕಾದರೆ ಮಂಗಳೂರಿಗೋ ಕಾರವಾರಕ್ಕೋ ಹೋಗಬೇಕು. ಅಲ್ಲಿ ಬಂದರು ಇದೆ. ಹಡಗು, ದೋಣಿ ಇವೆ. ಮರಳಿನ ಮೇಲೆ ಕಾಲು ನೋಯುವವರೆಗೂ ನಡೆಯಬಹುದು. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಅದೆಲ್ಲ ಎಲ್ಲಿ ಬರಬೇಕು?

ಆದರೂ ಬಸವನಗುಡಿಯ ಮಗ್ಗುಲಲ್ಲೇ ಒಂದು ಸಮುದ್ರ ಇದೆ. ಹೆಸರಿನಲ್ಲಿ ಇದೆ. ಅದನ್ನು ನಾವು ಒಂದು ಭಾನುವಾರ ನಡೆದು ಹೋಗಿ ಕಂಡುಹಿಡಿದೆವು.

ನಾವು ಅಂದರೆ ಸಂಜೆ ಕಲಿಕಾ ಕೇಂದ್ರಕ್ಕೆ ಬರುವ ಹೆಂಗಸರು. ಮನೆಗೆಲಸದವರು ಇದ್ದೇವೆ. ಹೂ ಮಾರುವವರು ಇದ್ದೇವೆ. ಅಗರಬತ್ತಿ ಹೊಸೆಯುವವರೂ ಇದ್ದೇವೆ. ನಮಗೆ ನಡೆಯುವುದು ಹೊಸದಲ್ಲ. ನೀರಿಗೆ ನಡೀತೀವಿ, ರೇಷನ್ನಿಗೆ ನಡೀತೀವಿ, ಕೆಲಸದ ಮನೆಗೆ ನಡೀತೀವಿ. ಆದರೆ ಸುಮ್ಮನೆ ನಡೆದದ್ದು ಇಲ್ಲ. ಹೊರಡುವಾಗ ಮನೆಯಲ್ಲಿ ಕೇಳಿದರು.

"ಯಾವ ದೇವಸ್ಥಾನಕ್ಕೆ?"

"ದೇವಸ್ಥಾನಕ್ಕಲ್ಲ. ಬೋರ್ಡು ಓದೋಕೆ."

ನಕ್ಕರು. ನಗಲಿ ಬಿಡಿ ಎಂದು ಹೊರಟೆವು. ಒಂದೇ ನಿಯಮ ಮಾಡಿಕೊಂಡೆವು. ದಾರಿಯನ್ನು ಯಾರನ್ನೂ ಕೇಳಬಾರದು. ಓದಿಕೊಂಡೇ ಹೋಗಬೇಕು. ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಬಲಕ್ಕೇ ತಿರುಗುತ್ತಾ, ಹೊರಟ ಜಾಗಕ್ಕೇ ಬಂದು ಸೇರಬೇಕು.

ಬೆಳಿಗ್ಗೆ ಗಾಂಧಿಬಜಾರಿನಿಂದ ಹೊರಟೆವು. ಹೂವಿನ ಅಂಗಡಿಗಳು ಆಗತಾನೇ ತೆರೆದಿದ್ದವು. ಈ ಬಸವನಗುಡಿ ಬಡಾವಣೆ ಆದದ್ದು 1898ರ ಪ್ಲೇಗಿನ ಕಾಲದಲ್ಲಿ. ಹಳೇ ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಇಲಿ ಬಿದ್ದು ಜನ ಸತ್ತರು. ಗಾಳಿ ಬೆಳಕು ಇರುವ ಕಡೆ ಹೊಸ ಮನೆಗಳಾಗಲಿ ಎಂದು ಇಲ್ಲಿ, ಮತ್ತು ಆ ಕಡೆ ಮಲ್ಲೇಶ್ವರದಲ್ಲಿ ಬಡಾವಣೆ ಮಾಡಿದರು. ರಸ್ತೆ ಅಗಲ, ಮರ ದೊಡ್ಡದು ಯಾಕೆ ಅಂತ ಈಗ ತಿಳಿಯಿತು.

ಮೊದಲು ಸಿಕ್ಕಿದ್ದು ಕಹಳೆ ಬಂಡೆ. ಇಂಗ್ಲಿಷಿನಲ್ಲಿ ಬ್ಯೂಗಲ್ ರಾಕ್ ಎನ್ನುತ್ತಾರೆ. ಹಿಂದೆ ಕಾವಲಿನವರು ಇದರ ಮೇಲೆ ನಿಂತು ಕಹಳೆ ಊದುತ್ತಿದ್ದರಂತೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. 300 ಕೋಟಿ! ಸೊನ್ನೆ ಬರೆಯುತ್ತಾ ಬರೆಯುತ್ತಾ ನಮ್ಮ ಕೈ ಸೋತಿತು. ಮೂರರ ಮುಂದೆ ಒಂಬತ್ತು ಸೊನ್ನೆ. ಮನುಷ್ಯ ಅನ್ನುವವನು ಇಲ್ಲದಾಗಲೂ ಈ ಕಲ್ಲು ಇತ್ತು. ಅದರ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ಚಾಚಿದೆವು.

ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ ಬಸವ. ಎತ್ತರ ಸುಮಾರು 15 ಅಡಿ. ಇಲ್ಲಿ ಮೊದಲು ಸುಂಕೇನಹಳ್ಳಿ ಎಂಬ ಊರಿತ್ತು. ಹೊಲದ ಕಡಲೆಕಾಯಿಯನ್ನು ಒಂದು ಬಸವ ಮೇಯುತ್ತಿತ್ತಂತೆ. ರೈತರು ಹೊಡೆದರಂತೆ. ಅದು ಕಲ್ಲಾಗಿ ಕೂತು ಬಿಟ್ಟಿತಂತೆ. ಅದಕ್ಕೇ ಕಾರ್ತಿಕ ಮಾಸದ ಕಡೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಇದು ಕಥೆ. ಇನ್ನೊಂದು ಮಾತೂ ಇದೆ. ಈ ಬಸವನ ಪಾದದ ಬಳಿ ಒಂದು ಹೊಳೆ ಹುಟ್ಟುತ್ತದೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಹೊಳೆಯ ಹೆಸರು ವೃಷಭಾವತಿ. ವೃಷಭ ಅಂದರೆ ಬಸವ. ಈ ಹೊಳೆಯನ್ನು ನೆನಪಿಡಿ. ಮುಂದೆ ಬರುತ್ತದೆ.

ಹನುಮಂತನಗರದ ಕಡೆಯಿಂದ ಕೆಳಕ್ಕೆ ಇಳಿದೆವು. ಇಳಿಜಾರು ಇದ್ದ ಕಡೆ ಮಳೆನೀರು ಹೋಗುತ್ತದೆ. ನಾವೂ ನೀರಿನ ಹಾಗೆಯೇ ಇಳಿದು ಒಂದು ಕೆರೆಯ ಹತ್ತಿರ ಬಂದೆವು. ಬೋರ್ಡು ಇತ್ತು. ನಮ್ಮಲ್ಲಿ ಒಬ್ಬರು ಅಕ್ಕ ಆ ಕೆರೆಯ ಹಿಂದಿನ ಬೀದಿಯಲ್ಲೇ 20 ವರ್ಷದಿಂದ ಇದ್ದಾರೆ. ಅವರೇ ಬೆರಳಿಟ್ಟು ಓದಿದರು.

"ಕೆಂ... ಪಾಂ... ಬು... ಧಿ. ಕೆಂಪಾಂಬುಧಿ ಕೆರೆ."

ಓದಿ ಗಪ್ಪನೆ ನಿಂತರು.

"ಅಯ್ಯೋ, ನಾನು ಇಷ್ಟು ದಿನ ಕೆಂಪು ಬೂದಿ ಅಂದ್ಕೊಂಡಿದ್ನಲ್ರೀ! ಯಾರೋ ಇಲ್ಲಿ ಬೂದಿ ಸುರೀತಿದ್ರೇನೋ ಅಂತ."

ಎಲ್ಲರೂ ನಕ್ಕೆವು. ಅವರೂ ನಕ್ಕರು. ಬೂದಿಯ 'ದಿ' ಬೇರೆ. ಅಂಬುಧಿಯ 'ಧಿ' ಬೇರೆ. ಅದಕ್ಕೆ ಹೊಟ್ಟೆ ಸೀಳಬೇಕು. ಅಂಬು ಅಂದರೆ ನೀರು. ಅಂಬುಧಿ ಅಂದರೆ ಸಮುದ್ರ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಕಾಲದ ಕೆರೆ ಇದು. ಸುಮಾರು 500 ವರ್ಷದ ಹತ್ತಿರದ್ದು. ಹೆಸರಿನಲ್ಲೇ ಸಮುದ್ರ ಇದೆ. ಒಂದು ಹೊಟ್ಟೆ ಸೀಳಿದ್ದಕ್ಕೆ ಬೂದಿ ಹೋಗಿ ಸಮುದ್ರ ಬಂತು.

ಕೆರೆ ಕಟ್ಟುವುದು ಹೇಗೆ ಗೊತ್ತೇ? ಮೂರು ಕಡೆ ನೆಲವೇ ಎತ್ತರ ಇರುವ ಜಾಗ ಹುಡುಕುತ್ತಾರೆ. ತಗ್ಗಿನ ಕಡೆ ಮಾತ್ರ ಮಣ್ಣಿನ ಏರಿ ಹಾಕುತ್ತಾರೆ. ಬಂಡೆಯ ಮೇಲೆ, ದಿಣ್ಣೆಯ ಮೇಲೆ ಬಿದ್ದ ಮಳೆ ಹರಿದು ಬಂದು ನಿಲ್ಲುತ್ತದೆ. ಹೆಚ್ಚಾದ ನೀರು ಕೋಡಿಯಲ್ಲಿ ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ದೊಡ್ಡ ಹೊಳೆ ಇಲ್ಲ. ಕೆರೆ ಕಟ್ಟದೆ ಇಲ್ಲಿ ಊರು ಕಟ್ಟುವ ಹಾಗೇ ಇರಲಿಲ್ಲ. ಕೆರೆಯ ಹತ್ತಿರ ಕೆಂಪೇಗೌಡರ ಹೆಸರಿನ ಗೋಪುರವೂ ಒಂದಿದೆ. ಊರಿನ ನಾಲ್ಕು ದಿಕ್ಕಿನ ಗೋಪುರಗಳಲ್ಲಿ ಇದೊಂದು.

ಇನ್ನೊಂದು ಅಂಬುಧಿಯೂ ಇತ್ತು. ಧರ್ಮಾಂಬುಧಿ. ಅದು ಎಲ್ಲಿ? ನೀವು ಎಷ್ಟೋ ಸಲ ಅದರ ಮೇಲೆ ನಿಂತಿದ್ದೀರಿ. ಊರಿಗೆ ಹೋಗುವಾಗ ಗಂಟು ಇಟ್ಟುಕೊಂಡು ಬಸ್ಸಿಗೆ ಕಾದಿದ್ದೀರಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಆ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಅವಕ್ಕೆ ಹೋಲಿಸಿದರೆ ನಮ್ಮ ಕೆಂಪಾಂಬುಧಿ ಪುಣ್ಯವಂತೆ. ಅವಳಿನ್ನೂ ನೀರಾಗಿಯೇ ಇದ್ದಾಳೆ.

ಆದರೆ ಎಂಥ ನೀರು? ಸುತ್ತ ಮನೆಗಳು ಹೆಚ್ಚಿದವು. ಮಳೆನೀರು ಬರುವ ದಾರಿಯಲ್ಲೇ ಕೊಳಚೆ ಬಂದು ಸೇರಿತು. ನಾವು ಕೆರೆಯನ್ನು ಬಲಕ್ಕೆ ಇಟ್ಟುಕೊಂಡು ಸುತ್ತು ಬರುವಾಗ ಗಾಳಿ ತಿರುಗಿತು. ಸೆರಗು ಮೂಗಿಗೆ ಹೋಯಿತು. ಕೆರೆ ಹಿಂದಿನ ಬೀದಿಯ ಅಕ್ಕ ನಾಚಿಕೊಂಡರು. ಅವರು ಯಾಕೆ ನಾಚಬೇಕು? ನಮ್ಮೆಲ್ಲರ ಮನೆಯ ನೀರೂ ಎಲ್ಲೋ ಒಂದು ಕಡೆ ಹೀಗೇ ಹೋಗುತ್ತದೆ.

ಎಲ್ಲಿಗೆ? ಈಗ ಆ ಹೊಳೆಯನ್ನು ನೆನೆಸಿಕೊಳ್ಳಿ. ಈ ತಗ್ಗಿನ ನೀರೆಲ್ಲ ವೃಷಭಾವತಿಗೆ. ವೃಷಭಾವತಿ ಅರ್ಕಾವತಿಗೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ. ಕಾವೇರಿ ಸಮುದ್ರಕ್ಕೆ. ನಮಗೆ ಕುಡಿಯುವ ನೀರು ಬರುವುದೂ ಅದೇ ಕಾವೇರಿಯಿಂದ. 1974ರಿಂದ ಬರುತ್ತಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಹೊಳೆಯ ಮೇಲುಗಡೆ ನಾವು ಒಳ್ಳೆಯ ನೀರು ಎತ್ತಿಕೊಳ್ಳುತ್ತೇವೆ. ಕೆಳಗಡೆ ನಮ್ಮ ಕೊಳಚೆ ಬಿಡುತ್ತೇವೆ. ಅಲ್ಲಿಯೂ ಬಿಂದಿಗೆ ಹಿಡಿದ ಹೆಂಗಸರು ಇದ್ದಾರೆ. ಏರಿಯ ಮೇಲೆ ನಿಂತು ಇದನ್ನು ಯೋಚಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗವಿಪುರದಲ್ಲಿ ಗವಿ ಗಂಗಾಧರೇಶ್ವರನ ಗುಡಿ. ಬಂಡೆಯೊಳಗಿನ ಗವಿಯೇ ಗುಡಿ. ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ಹೊರಗಿನ ನಂದಿಯ ಕೊಂಬುಗಳ ನಡುವೆ ಹಾಯ್ದು ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಬಾಗಿ ಬಾಗಿ ನೋಡಿ ಬಂದೆವು.

ಅಲ್ಲಿಂದ ಏರು. ಬುಲ್ ಟೆಂಪಲ್ ರಸ್ತೆಗೆ ಬಂದರೆ ರಾಮಕೃಷ್ಣ ಆಶ್ರಮ. ಈ ಆಶ್ರಮದ ಒಳಗೆ ಒಂದು ಬಂಡೆ ಇದೆ. 1911ರಲ್ಲಿ ಶಾರದಾದೇವಿಯವರು ಬಂಗಾಳದಿಂದ ದಕ್ಷಿಣಕ್ಕೆ ಬಂದಿದ್ದರು. ಬೆಂಗಳೂರಿನಲ್ಲಿ ಈ ಆಶ್ರಮದಲ್ಲೇ ಇಳಿದುಕೊಂಡಿದ್ದರು. ಒಂದು ಸಂಜೆ ಬಂಡೆಯ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಿದರು.

ಅವರ ಓದಿನ ಕಥೆ ನಿಮಗೆ ಹೇಳಲೇಬೇಕು. ಚಿಕ್ಕ ವಯಸ್ಸಿನಲ್ಲಿ ಮದುವೆ ಆಯಿತು. ಗಂಡನ ಊರಿನಲ್ಲಿ ಅಕ್ಷರದ ಪುಸ್ತಕ ಹಿಡಿದು ಕೂತರು. ಗಂಡನ ಕಡೆಯ ಹೃದಯ ಎಂಬ ನೆಂಟ ಬಂದು ಪುಸ್ತಕ ಕಿತ್ತುಕೊಂಡ. ಹೆಂಗಸರಿಗೆ ಓದು ಯಾಕೆ ಅಂದ. ಅವರು ಜಗಳ ಆಡಲಿಲ್ಲ. ಗುಟ್ಟಾಗಿ ಒಂದಾಣೆ ಕೊಟ್ಟು ಇನ್ನೊಂದು ಪುಸ್ತಕ ತರಿಸಿಕೊಂಡರು! ಮನೆಯ ಹುಡುಗಿ ಲಕ್ಷ್ಮಿ ಶಾಲೆಗೆ ಹೋಗಿ ಬಂದು ಹೇಳಿಕೊಡುತ್ತಿದ್ದಳು. ಮುಂದೆ ದಕ್ಷಿಣೇಶ್ವರದಲ್ಲಿ, ಗಂಗೆಗೆ ಸ್ನಾನಕ್ಕೆ ಬರುತ್ತಿದ್ದ ಇನ್ನೊಬ್ಬ ಹುಡುಗಿ ಪಾಠ ಹೇಳಿಕೊಟ್ಟಳು. ಫೀಜು ಏನು? ತೋಟದ ಸೊಪ್ಪು. ಆಗ ಅವರಿಗೆ ಮೂವತ್ತು ದಾಟಿತ್ತು.

"ಹಂಗಾದ್ರೆ ನಮ್ಮ ಹಾಗೇ," ಅಂದರು ನಮ್ಮಲ್ಲಿ ಹಿರಿಯರಾದ ಸೊಪ್ಪಿನ ಅಜ್ಜಿ. "ನಾಳೆಯಿಂದ ಟೀಚರಮ್ಮಂಗೆ ದಂಟಿನ ಸೊಪ್ಪು ಒಂದು ಕಟ್ಟು."

ಗಾಂಧಿಬಜಾರಿಗೆ ಬರುವಾಗ ಬಿಸಿಲು ಏರಿತ್ತು. ಸುತ್ತು ಮುಗಿಸಲು ಮೂರು ಗಂಟೆ ಹಿಡಿಯಿತು. ದಾರಿಯನ್ನು ಯಾರನ್ನೂ ಕೇಳಲಿಲ್ಲ. ಒಂದು ಕಡೆ ಮಾತ್ರ ತಪ್ಪಿದೆವು. ಇಂಗ್ಲಿಷ್ ಬೋರ್ಡು ಇತ್ತು, ನಮ್ಮ ತಪ್ಪಲ್ಲ. ಕಡಲೆಕಾಯಿ ಕೊಂಡು ಮರದ ಕೆಳಗೆ ಕೂತು ತಿಂದೆವು.

ಮಾಡಿ ನೋಡಿ

ಈ ಪದಗಳನ್ನು ಓದಿ, ನೋಡಿ ಬರೆಯಿರಿ: ಬೂದಿ, ಅಂಬುಧಿ, ಧರ್ಮ, ಏರಿ, ಕೋಡಿ.

ನಿಮ್ಮ ಮನೆಯಿಂದ ಹೊರಟು ಮನೆಗೇ ಬಂದು ಸೇರುವ ಒಂದು ದಾರಿಯನ್ನು ಬರೆಯಿರಿ. ಅಲ್ಲಿ ಸಿಗುವ ಬೋರ್ಡುಗಳ ಹೆಸರನ್ನೂ ಬರೆಯಿರಿ. ಅದರಲ್ಲಿ ಕೆರೆಯ ಹೆಸರು ಎಷ್ಟಿವೆ? ಆ ಕೆರೆಗಳು ಈಗ ಎಲ್ಲಿವೆ?