ಡ್ಯೂರರನ ಆತ್ಮಚಿತ್ರದಲ್ಲಿ ರೂಪ ಮತ್ತು ಶೀಲ

ಭಾವಚಿತ್ರವೆಂಬುದು ನಮ್ಮ ನುಡಿಯಲ್ಲಿರುವ ಸೊಗಸಾದ ಸಮಾಸಪದಗಳಲ್ಲೊಂದು. ಭಾವವನ್ನು ತೋರುವ ಚಿತ್ರವೆಂದು ಅದರ ಅರ್ಥ. ಆದರೆ ಅರ್ಜಿಯ ಮೂಲೆಗೆ ಅಂಟಿಸುವ ಚಿತ್ರಕ್ಕೂ ಅದೇ ಹೆಸರನ್ನಿಟ್ಟು ನಾವು ಆ ಶಬ್ದವನ್ನು ಸವೆಸಿಬಿಟ್ಟಿದ್ದೇವೆ. ನಮ್ಮ ಶಾಸ್ತ್ರಕಾರರು ಚಿತ್ರದ ಷಡಂಗಗಳನ್ನು ಹೇಳುವಾಗ ಭಾವವನ್ನೂ ಸಾದೃಶ್ಯವನ್ನೂ ಬೇರೆ ಬೇರೆ ಅಂಗಗಳಾಗಿ ಎಣಿಸಿರುವುದು ಸಕಾರಣವಾಗಿಯೇ. ಮುಖದ ಹೋಲಿಕೆ ಬಂದ ಮಾತ್ರಕ್ಕೆ ಒಳಗಿನ ಮನುಷ್ಯನು ಬಂದನೆಂದು ಹೇಳಲಾಗದು. ಚಿತ್ರಕಾರನು ತನ್ನನ್ನೇ ಬರೆದುಕೊಂಡಾಗಲಂತೂ ಈ ತೊಡಕು ಇಮ್ಮಡಿಯಾಗುತ್ತದೆ. ಅಲ್ಲಿ ಬರೆಯುವವನೂ ಅವನೇ, ಬರೆಸಿಕೊಳ್ಳುವವನೂ ಅವನೇ. ಹೊಗಳಿಕೊಳ್ಳುವುದಕ್ಕಾಗಲಿ ಮುಚ್ಚಿಡುವುದಕ್ಕಾಗಲಿ ಅಡ್ಡಿಪಡಿಸುವವರು ಯಾರೂ ಇಲ್ಲ.

ಕೆಲವು ವರ್ಷಗಳ ಹಿಂದೆ ಆತ್ಮಕಥೆಯ ಪಾಠವೊಂದನ್ನು ಮಾಡುವಾಗ, ಜರ್ಮನಿಯ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರನು 1500ರಲ್ಲಿ ಬರೆದುಕೊಂಡ ಆತ್ಮಚಿತ್ರದ ಅಚ್ಚುಪ್ರತಿಯನ್ನು ತರಗತಿಯಲ್ಲಿ ತೋರಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಗುರುಗಳೇ, ಇದು ಏಸುಸ್ವಾಮಿಯ ಪಟವಲ್ಲವೇ?” ಎಂದ. ಅಲ್ಲ, ಇವನು ಆ ಚಿತ್ರವನ್ನು ಬರೆದವನೇ ಎಂದೆ. “ಹಾಗಾದರೆ ಇವನಿಗೆ ಬಹಳ ಗರ್ವವಿದ್ದಿರಬೇಕು” ಎಂದ. ನಾನೂ ನಕ್ಕು, ಹೌದೆಂದು ಹೇಳಿ ಪಾಠವನ್ನು ಮುಂದುವರಿಸಿದೆ. ಆ ಉತ್ತರವು ಅವಸರದ್ದೆಂದು ಈಗ ತೋರುತ್ತಿದೆ. ಆ ಹುಡುಗನು ಇಂದು ಹಳೆಯ ವಿದ್ಯಾರ್ಥಿಯಾಗಿ ಈ ಸಂಚಿಕೆಯನ್ನು ಓದುತ್ತಿದ್ದರೆ, ಇದನ್ನು ತಡವಾಗಿ ಬಂದ ತಿದ್ದುಪಡಿಯೆಂದು ಭಾವಿಸಲಿ.

ಡ್ಯೂರರನು 1471ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಜನಿಸಿದನು. ತಂದೆ ಹಂಗೇರಿಯಿಂದ ಬಂದು ನೆಲೆಸಿದ ಅಕ್ಕಸಾಲಿಗ. ತಾಯಿ ಹಡೆದ ಮಕ್ಕಳು ಹದಿನೆಂಟು. 1484ರಲ್ಲಿ, ಹದಿಮೂರರ ಆಸುಪಾಸಿನ ಈ ಬಾಲಕನು ಕನ್ನಡಿಯಲ್ಲಿ ನೋಡಿ ತನ್ನನ್ನು ಬರೆದುಕೊಂಡನು. ಬರೆದದ್ದು ಬೆಳ್ಳಿಯ ಮೊನೆಯಿಂದ. ಲೇಪ ಹಚ್ಚಿದ ಕಾಗದದ ಮೇಲೆ ಆ ಮೊನೆ ಎಳೆದ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ. ಅಕ್ಕಸಾಲಿಗನ ಮನೆಯ ಕೂಸಿಗೆ ಆ ಧೈರ್ಯವೂ ಹದವೂ ಸಹಜವಾಗಿಯೇ ಬಂದಿರಬೇಕು. ಈ ಚಿತ್ರವು ಈಗ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹದಲ್ಲಿದೆ. ಅದರಲ್ಲಿ ಹುಡುಗನ ಒಂದು ಕೈ ತೋಳಿನೊಳಗೆ ಅಡಗಿದೆ. ಇನ್ನೊಂದು ಕೈಯ ಬೆರಳು ಏನನ್ನೋ ತೋರಿಸುತ್ತಿದೆ. ಆ ಬೆರಳನ್ನು ಓದುಗರು ನೆನಪಿನಲ್ಲಿಡಬೇಕು.

1493ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಮುಳ್ಳುಗಿಡದ ಕಡ್ಡಿಯೊಂದನ್ನು ಹಿಡಿದು ತನ್ನನ್ನು ಬರೆದುಕೊಂಡನು. ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಮ್ಯಾಡ್ರಿಡ್ಡಿನ ಪ್ರಾಡೋದಲ್ಲಿರುವ 1498ರ ಚಿತ್ರದಲ್ಲಿ ಅವನು ಕಪ್ಪು ಬಿಳುಪಿನ ಬೆಲೆಬಾಳುವ ಉಡುಪು ತೊಟ್ಟ ಶ್ರೀಮಂತ ತರುಣ. ಕೈಗಳಿಗೆ ಕೈಚೀಲ, ಹಿಂದಿನ ಕಿಟಕಿಯಲ್ಲಿ ದೂರದ ಪರ್ವತಗಳು. ಬಣ್ಣ ಅರೆಯುವ ಕೈಗೆ ಕೈಚೀಲವೇಕೆ ಎಂದು ಕೇಳಬಹುದು. ಅದಕ್ಕೊಂದು ಹಿನ್ನೆಲೆಯಿದೆ. ಅಂದಿನ ಜರ್ಮನಿಯಲ್ಲಿ ಚಿತ್ರಕಾರನೆಂದರೆ ಬಡಗಿ ಕಮ್ಮಾರರ ಸಾಲಿನಲ್ಲಿ ನಿಲ್ಲುವ ಕುಶಲಕರ್ಮಿ. ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಗೆ ಹೋದಾಗ ಡ್ಯೂರರನು ಬೇರೊಂದು ಗೌರವವನ್ನು ಕಂಡನು. ಮುಂದೆ 1506ರಲ್ಲಿ ವೆನಿಸ್ಸಿನಿಂದ ಗೆಳೆಯ ಪಿರ್ಕ್‌ಹೈಮರನಿಗೆ ಬರೆದ ಪತ್ರದಲ್ಲಿ, ಇಲ್ಲಿ ತಾನು ಮರ್ಯಾದಸ್ಥ, ಊರಿನಲ್ಲಾದರೋ ಪರರನ್ನು ಆಶ್ರಯಿಸಿ ಬದುಕುವವನು ಎಂಬರ್ಥದ ಮಾತನ್ನು ಹೇಳಿಕೊಂಡಿದ್ದಾನೆ. ಆದುದರಿಂದ ಪ್ರಾಡೋದ ಉಡುಪನ್ನು ಬರಿಯ ಬೆಡಗೆನ್ನಲಾಗದು, ಅದೊಂದು ಅಹವಾಲು.

ಇನ್ನು ತರಗತಿಯಲ್ಲಿ ತೋರಿಸಿದ ಚಿತ್ರ. ಮ್ಯೂನಿಕ್ ನಗರದ ಆಲ್ಟೆ ಪಿನಕೋಥೆಕ್ ಚಿತ್ರಶಾಲೆಯಲ್ಲಿರುವ ಇದು ಮರದ ಹಲಗೆಯ ಮೇಲಿನ ತೈಲವರ್ಣದ ಕೃತಿ. ಎತ್ತರ ಸುಮಾರು 67 ಸೆಂಟಿಮೀಟರು, ಅಗಲ 49. ನಾನು ಮೂಲವನ್ನು ಕಂಡವನಲ್ಲ, ಅಚ್ಚುಪ್ರತಿಗಳಿಂದಲೇ ಬಲ್ಲೆ. ಕಪ್ಪು ಹಿನ್ನೆಲೆ. ಕಿಟಕಿಯಿಲ್ಲ, ಪರ್ವತವಿಲ್ಲ. ಹೆಗಲ ಎರಡೂ ಕಡೆಗೆ ಸಮನಾಗಿ ಇಳಿದ ಸುರುಳಿಗೂದಲು. 1498ರ ಚಿತ್ರದಲ್ಲಿ ಹೊಂಬಣ್ಣವಿದ್ದ ಆ ಕೂದಲು ಇಲ್ಲಿ ಕಂದಾಗಿದೆ. ಅಂದು ಸಾಮಾನ್ಯರ ಮುಖಗಳನ್ನು ಸ್ವಲ್ಪ ಓರೆಯಾಗಿ ಬರೆಯುವುದು ವಾಡಿಕೆ; ಹೀಗೆ ನಟ್ಟನೆ ಎದುರುನಿಲ್ಲುವ ಭಂಗಿ ಬಹುಮಟ್ಟಿಗೆ ಕ್ರಿಸ್ತನ ಚಿತ್ರಗಳಿಗೆ ಮೀಸಲು. ಹುಡುಗನ ಕಣ್ಣು ತಪ್ಪಿರಲಿಲ್ಲ. ಹೋಲಿಕೆ ಉದ್ದೇಶಪೂರ್ವಕವಾದುದೆಂದು ವಿದ್ವಾಂಸರು ಬಹುವಾಗಿ ಒಪ್ಪುತ್ತಾರೆ. ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ನಿರ್ಮಿಸಿದನೆಂಬ ನಂಬಿಕೆಯೂ, ಭಕ್ತನು ಕ್ರಿಸ್ತನನ್ನು ಅನುಕರಿಸಿ ಬಾಳಬೇಕೆಂಬ ಉಪದೇಶವೂ ಆ ನಾಡಿನಲ್ಲಿ ಮನೆಮಾತಾಗಿದ್ದವು. ತನ್ನ ಕೈಗೆ ಬಂದ ನಿರ್ಮಾಣಶಕ್ತಿ ಮೇಲಿನಿಂದ ಬಂದದ್ದೆಂದು ಹೇಳಲು ಡ್ಯೂರರನು ಈ ಭಂಗಿಯನ್ನು ಆರಿಸಿಕೊಂಡಿರಬಹುದು.

ಇದರಿಂದಲೂ ಗರ್ವದ ಶಂಕೆ ಪೂರ್ತಿ ಕಳೆಯದು. ನನ್ನ ಮನಸ್ಸನ್ನು ತಿರುಗಿಸಿದ್ದು ಮುಖವಲ್ಲ, ಕಣ್ಣುಗಳ ಪಕ್ಕದಲ್ಲಿ ಬರೆದಿರುವ ಲ್ಯಾಟಿನ್ ಬರಹ; ಅದರಲ್ಲಿಯೂ ಒಂದು ಕ್ರಿಯಾಪದ. ನ್ಯೂರೆಂಬರ್ಗಿನ ತಾನು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತನ್ನನ್ನು ಹೀಗೆ ಬಣ್ಣಗಳಲ್ಲಿ ರೂಪಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಅಲ್ಲಿಯ ಕ್ರಿಯಾಪದ ‘ಎಫಿಂಗೇಬಮ್’. ಲ್ಯಾಟಿನ್ ಬಲ್ಲ ಮಿತ್ರರೊಬ್ಬರು ವಿವರಿಸಿದಂತೆ, ಅದು ಮುಗಿದ ಕಾರ್ಯವನ್ನು ಹೇಳುವ ರೂಪವಲ್ಲ. ‘ರೂಪಿಸಿದೆನು’ ಎಂದಲ್ಲ, ‘ರೂಪಿಸುತ್ತಿದ್ದೆನು’ ಎಂದು. ಪ್ರಾಚೀನ ಗ್ರೀಸಿನ ಅಪೆಲ್ಲೆಸನೇ ಮೊದಲಾದ ಮಹಾಕಲಾವಿದರು ತಮ್ಮ ಕೃತಿಗಳ ಮೇಲೆ ಇಂಥ ಅಪೂರ್ಣ ಭೂತಕಾಲದಲ್ಲಿಯೇ ಹೆಸರು ಬರೆಯುತ್ತಿದ್ದರು, ಕಲೆಯು ಎಂದಿಗೂ ಮುಗಿಯುವಂಥದಲ್ಲವೆಂದು ಸೂಚಿಸುವುದಕ್ಕಾಗಿ, ಎಂದು ರೋಮಿನ ಪ್ಲಿನಿ ಹೇಳಿದ್ದಾನೆ. ಡ್ಯೂರರನ ವಿದ್ವಾಂಸ ಮಿತ್ರರು ಅವನನ್ನು ಅಪೆಲ್ಲೆಸನಿಗೆ ಹೋಲಿಸುತ್ತಿದ್ದವರು. ಈ ಸಂಗತಿ ಅವನಿಗೆ ತಿಳಿಯದಿರುವ ಸಂಭವ ಕಡಮೆ. ದೇವರ ಭಂಗಿಯಲ್ಲಿ ಕುಳಿತವನು, ಪಕ್ಕದಲ್ಲಿಯೇ, ಕೆಲಸ ಇನ್ನೂ ಮುಗಿದಿಲ್ಲವೆಂದು ಬರೆಯುತ್ತಾನೆ! ವ್ಯಾಕರಣ ಪಾಠ ಹೇಳುವವರಿಗೆ ಇಂಥ ನಿದರ್ಶನ ದೊರೆಯುವುದು ಅಪರೂಪ. ಕಾಲವಾಚಕ ಪ್ರತ್ಯಯದಲ್ಲಿ ಒಬ್ಬನ ಶೀಲವೇ ಅಡಗಿರಬಲ್ಲುದೆಂದು ಮಕ್ಕಳಿಗೆ ತೋರಿಸಬಹುದು.

ಕಣ್ಣುಗಳಲ್ಲಿ ಕಿಟಕಿಯ ಪ್ರತಿಬಿಂಬವಿದೆ. ದೇವತಾಸದೃಶವಾದ ಆ ಮುಖದಲ್ಲಿಯೂ ನ್ಯೂರೆಂಬರ್ಗಿನ ಒಂದು ಕೋಣೆಯ ಬೆಳಕು ಬಿದ್ದಿದೆಯೆಂದಾಯಿತು. ಕಾಣುವ ಕೈ ಒಂದೇ. ಅದು ಮೇಲಂಗಿಯ ತುಪ್ಪುಳು ಅಂಚನ್ನು ಬೆರಳುಗಳಿಂದ ಹಿಡಿದಿದೆ. ಈ ಸಲ ಕೈಚೀಲವಿಲ್ಲ.

ಡ್ಯೂರರನು ತನ್ನನ್ನು ಬರೆದುಕೊಂಡ ಮತ್ತೊಂದು ಸಣ್ಣ ರೇಖಾಚಿತ್ರವು ಜರ್ಮನಿಯ ಬ್ರೆಮೆನ್ ನಗರದ ಕಲಾಶಾಲೆಯಲ್ಲಿದೆ. ಅದನ್ನು ಕಲೆಗೆಂದು ಬರೆದಂತಿಲ್ಲ. ವೈದ್ಯನಿಗೆ ತೋರಿಸಲೆಂದು ಬರೆದಿರುವಂತೆ ಕಾಣುತ್ತದೆ. ಅರೆಬೆತ್ತಲೆಯ ಮೈ, ಸೊಂಟಕ್ಕೊಂದು ಬಟ್ಟೆ. ಪಕ್ಕೆಯ ಕೆಳಗೆ ಹಳದಿಯ ಗುರುತೊಂದನ್ನು ಮಾಡಿ, ಬೆರಳಿನಿಂದ ಅಲ್ಲಿಗೇ ತೋರಿಸಿ, ನೋವು ಇಲ್ಲಿ ಎಂದು ಮೇಲೆ ಬರೆದಿದ್ದಾನೆ. ತುಪ್ಪುಳಿಲ್ಲ, ಸುರುಳಿಗೂದಲಿನ ಸಿಂಗಾರವಿಲ್ಲ, ಭಂಗಿಯಿಲ್ಲ. ಹದಿಮೂರರಲ್ಲಿ ಎಲ್ಲಿಗೋ ಚಾಚಿದ್ದ ಬೆರಳು ಇಲ್ಲಿ ತನ್ನ ಮೈಯ ರೋಗವನ್ನು ತೋರಿಸುತ್ತಿದೆ. ಗೆರೆಯಲ್ಲಿನ ಖಚಿತತೆ ಮಾತ್ರ ಮೊದಲಿನಂತೆಯೇ.

ಅಂದು ತರಗತಿಯ ಗೋಡೆಯ ಮೇಲೆ ಮ್ಯೂನಿಕ್ಕಿನ ಪಟದ ಪಕ್ಕದಲ್ಲಿ ಇದನ್ನೂ ತೂಗುಹಾಕಬೇಕಾಗಿತ್ತು. ಆಗ ನನಗೆ ಇದರ ಪರಿಚಯವಿರಲಿಲ್ಲ.