ಬೆಥೂನ್ ಕಾಲೇಜು, ಕಲಕತ್ತೆ

ಗವರ್ನರ್ ಜನರಲನ ಮಂತ್ರಾಲೋಚನಾ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದ ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನನು 1849ರಲ್ಲಿ ಸ್ಥಾಪಿಸಿ, ಈಶ್ವರಚಂದ್ರ ವಿದ್ಯಾಸಾಗರರು ಕಾರ್ಯದರ್ಶಿಗಳಾಗಿ ಪೋಷಿಸಿದ ಬಾಲಿಕಾ ಪಾಠಶಾಲೆಯೇ, 1879ರಲ್ಲಿ ಮಹಿಳಾ ಕಾಲೇಜಾಗಿ ಪರಿಣಮಿಸಿತು. ಪುತ್ರಿಯನ್ನೂ ಅತಿಯತ್ನದಿಂದ ಪಾಲಿಸಿ ಶಿಕ್ಷಣವೀಯಬೇಕೆಂಬ ಸಂಸ್ಕೃತ ವಾಕ್ಯವನ್ನು ಧರಿಸಿದ ಬಂಡಿಗಳಲ್ಲಿ ಬಾಲಕಿಯರು ಶಾಲೆಗೆ ಬರುತ್ತಿದ್ದರೆಂಬುದು, ಅಂದಿನ ಸಮಾಜದ ಶಂಕೆಯನ್ನು ಶಾಸ್ತ್ರಪ್ರಮಾಣದಿಂದಲೇ ಪರಿಹರಿಸಲೆಳಸಿದ ವಿವೇಕಕ್ಕೆ ನಿದರ್ಶನವಾಗಿದೆ.

ಸ್ಮರಣೀಯ ಅಂಶಗಳು:

1. 1883ರಲ್ಲಿ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಇಲ್ಲಿಂದ ಕಲಕತ್ತೆ ವಿಶ್ವವಿದ್ಯಾನಿಲಯದ ಪ್ರಥಮ ಮಹಿಳಾ ಪದವೀಧರೆಯರಾದರು.
2. ಕಾದಂಬಿನಿ ವೈದ್ಯವೃತ್ತಿಯನ್ನವಲಂಬಿಸಿದರೆ, ಚಂದ್ರಮುಖಿ ಇದೇ ಕಾಲೇಜಿನ ಪ್ರಾಂಶುಪಾಲೆಯಾದರು.
3. ಕವಯಿತ್ರಿ ಕಾಮಿನಿ ರಾಯ್ 1886ರಲ್ಲಿ ಸಂಸ್ಕೃತ ಆನರ್ಸ್ ಪದವಿ ಪಡೆದು, ಇಲ್ಲಿಯೇ ಅಧ್ಯಾಪಿಕೆಯಾದರು.
4. ಚಿತ್ತಗಾಂವ್ ಕ್ರಾಂತಿಕಾರಿಣಿಯರಾದ ಪ್ರೀತಿಲತಾ ವದ್ದೇದಾರ್, ಕಲ್ಪನಾ ದತ್ತ ಇಲ್ಲಿಯ ವಿದ್ಯಾರ್ಥಿನಿಯರು.